ಶಾನುಭೋಗರ ಮನೆಯ ಗಂಟು

ಕೇಳುಗರಿಗೆ ನಮಸ್ಕಾರ. ಹಳೆ ಮನೆ ಕೆಡವುವಾಗ ಅಟ್ಟದಿಂದ ಕಾಗದಪತ್ರದ ಗಂಟು ಇಳಿಯುತ್ತೆ. ಆಸ್ತಿಗೆ ಬೇಕಾದ ಒಂದೆರಡು ಕ್ರಯಪತ್ರ ತೆಗೆದಿಟ್ಟುಕೊಂಡು, ಉಳಿದದ್ದನ್ನು ನೀರೊಲೆಗೆ ಹಾಕುತ್ತಾರೆ ಇಲ್ಲವೇ ಹೊಳೆಗೆ ಬಿಡುತ್ತಾರೆ. ಇವತ್ತು ನಾನು ಮಾತಾಡಬೇಕು ಅಂತಿರುವುದು ಆ ಉಳಿದದ್ದರ ಬಗ್ಗೆ.

ಅದರಲ್ಲಿ ಒಂದೊಂದು ಸಲ ಕಪ್ಪು ಬಟ್ಟೆಯ ಕಡತ ಇರುತ್ತೆ. ಹತ್ತಿಬಟ್ಟೆಯ ಪಟ್ಟಿಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅದು. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಇದನ್ನು ಅಳತೆ ಸಮೇತ ವಿವರಿಸಿದ್ದಾನೆ: 12ರಿಂದ 18 ಅಡಿ ಉದ್ದ, ಎರಡೂ ತುದಿಗೆ ಬಣ್ಣ ಬಳಿದ ಮರದ ಹಲಗೆ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗಾಗಿ ಸಿಕ್ಕಿದ ಕೂಡಲೇ ಒದ್ದೆ ಬಟ್ಟೆ ತಗೊಂಡು ಧೂಳು ಒರೆಸಲು ಹೋಗಬೇಡಿ. ಧೂಳಿನ ಜೊತೆ ಅಕ್ಷರವೂ ಹೋಗಿಬಿಡುತ್ತೆ.

ಇಂಥವು ಮನೆಗಳಲ್ಲಿ ಉಳಿದದ್ದು ಯಾಕೆ? ಶಾನುಭೋಗಿಕೆ, ಅಂದರೆ ಊರಿನ ಕಂದಾಯದ ಲೆಕ್ಕ ಬರೆಯುವ ಕೆಲಸ, ತಲೆಮಾರಿನಿಂದ ತಲೆಮಾರಿಗೆ ಬರುತ್ತಿತ್ತು, ಮನೆಯೇ ಕಚೇರಿ ಆಗಿತ್ತು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಹುದ್ದೆ ಹೋಯಿತು, ಆದರೆ ಎಷ್ಟೋ ಕಡೆ ಹಳೆ ಲೆಕ್ಕ ಟ್ರಂಕಿನಲ್ಲೇ ಉಳಿಯಿತು. ಅದು ಆ ಒಂದು ಮನೆಯ ಲೆಕ್ಕ ಅಲ್ಲವೇ ಅಲ್ಲ. ಯಾವ ಹೊಲ ಯಾರು ಉಳುತ್ತಿದ್ದರು, ಕೆರೆ ಏರಿ ಒಡೆದಾಗ ಯಾರು ಆಳು ಕಳಿಸಿದರು, ಯಾರಿಗೆ ಕಂದಾಯ ಬಾಕಿ, ಕುಂಬಾರ ಕಮ್ಮಾರ ಅಗಸರಂಥ ಆಯಗಾರರಿಗೆ ಸುಗ್ಗಿಯಲ್ಲಿ ಎಷ್ಟು ಧಾನ್ಯ ಅಳೆದರು, ಇದೆಲ್ಲ ಅದರಲ್ಲಿ ಬರುತ್ತೆ. ಕಲ್ಲಿನ ಶಾಸನದಲ್ಲಿ ಕುಂಬಾರನ ಹೆಸರು ಹುಡುಕಿ ನೋಡಿ, ಸಿಗುವುದು ಬಹಳ ಅಪರೂಪ.

ದೊಡ್ಡ ಚರಿತ್ರೆಗೂ ಇವು ಬೇಕಾಗುತ್ತವೆ. 1791ರಲ್ಲಿ ಮರಾಠಾ ಸೇನೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಆಗ ಟಿಪ್ಪು ಸುಲ್ತಾನ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ಮಠದ ಹಳೆ ದಾಖಲೆಗಳಲ್ಲೇ ಇದ್ದವು. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ನೋಡಿ ಹೊರಗೆ ತಂದ ಮೇಲೆ ತಾನೇ ಜಗತ್ತಿಗೆ ಗೊತ್ತಾದದ್ದು! ಸಾಗರ ತಾಲ್ಲೂಕಿನ ಕೆಳದಿಯ ಗುಂಡಾ ಜೋಯಿಸರು ಹೀಗೇ ಓಲೆಗರಿ, ಹಸ್ತಪ್ರತಿ, ಹಳೆ ದಾಖಲೆಗಳನ್ನು ಒಟ್ಟುಮಾಡಿ, ಊರಲ್ಲೇ ವಸ್ತುಸಂಗ್ರಹಾಲಯ ಕಟ್ಟಿದರು. ಒಬ್ಬ ಮನುಷ್ಯನ ಹಟದಿಂದ ಎಷ್ಟು ಉಳಿಯುತ್ತೆ ನೋಡಿ.

ಕಾಗದವೇ ಇಲ್ಲದ ಮನೆಗಳ ಕಥೆ ಏನು ಅಂತ ಕೇಳಬಹುದು. ಉತ್ತರ ಕರ್ನಾಟಕದವರಿಗೆ ಹೆಳವರು ಗೊತ್ತು. ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಆ ಮನೆತನದ ಹಿರೀಕರ ಹೆಸರನ್ನೆಲ್ಲ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು ಕಾಳು ತಗೊಂಡು ಹೋಗುವವರು. ಎಷ್ಟೋ ರೈತ ಮನೆತನಗಳ ವಂಶಾವಳಿ ಇವತ್ತಿಗೂ ಅವರ ಪುಸ್ತಕದಲ್ಲಿದೆ. ಅವರು ಬಂದಾಗ ಸುಮ್ನೆ ಕಾಳು ಹಾಕಿ ಕಳಿಸಬೇಡಿ, ಕೂರಿಸಿ ಕೇಳಿ.

ಹಳೆ ಪತ್ರ ಹೊರಗೆ ತೆಗೆದರೆ ಜಮೀನಿನ ತಕರಾರು ಏಳುತ್ತೆ ಅನ್ನುವ ಹೆದರಿಕೆ ಜಾಸ್ತಿ ಜನಕ್ಕೆ ಇದೆ. ಆ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಮೂಲ ನಿಮ್ಮಲ್ಲೇ ಇರಲಿ. ಈಗಿನ ಆಸ್ತಿಗೆ ತಾಗುವ ಪತ್ರ ಬದಿಗಿಟ್ಟು, ಉಳಿದವುಗಳ ಫೋಟೊ ಪ್ರತಿಯನ್ನು ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ರಾಜ್ಯ ಪತ್ರಾಗಾರಕ್ಕೋ ತೋರಿಸಬಹುದಲ್ವಾ? ಗಂಟು ಬಿಚ್ಚುವಾಗ ಯಾವುದರ ಕೆಳಗೆ ಯಾವುದಿತ್ತೋ ಅದೇ ಕ್ರಮದಲ್ಲಿ ಫೋಟೊ ತೆಗೆಯಿರಿ, ಯಾಕೆಂದರೆ ತಾರೀಖು ಇಲ್ಲದ ಚೀಟಿಗೆ ಪಕ್ಕದ ಚೀಟಿಯೇ ಆಧಾರ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಆಮೇಲೆ ಅದನ್ನು ಬಿಡಿಸಲು ಆಗಲ್ಲ.

ಇನ್ನೊಂದು ಮಾತು. ಎಷ್ಟೋ ಲೆಕ್ಕ ಮೋಡಿ ಲಿಪಿಯಲ್ಲಿದೆ, ಅಂದರೆ ಬೇಗ ಬೇಗ ಬರೆಯುವ ಹಳೆ ಕೂಡುಬರಹದಲ್ಲಿದೆ, ಅದನ್ನು ಓದುವವರು ಈಗ ಬಹಳ ಕಡಿಮೆ. ಮನೆಯಲ್ಲೋ ಓಣಿಯಲ್ಲೋ ಅಂಥ ಹಿರಿಯರು ಇದ್ದರೆ, ಈ ವಾರವೇ ಅವರ ಹತ್ತಿರ ಒಂದು ಪುಟ ಓದಿಸಿ, ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ನಮಸ್ಕಾರ.