ತೊಡೆಯಲ್ಲಿ ಹುಟ್ಟುವ ಏದುಸಿರು

ಎಲ್ಲರಿಗೂ ನಮಸ್ಕಾರ.

ಹಾರ್ಟ್ ಫೇಲ್ಯೂರ್ ಅಂದ ಕೂಡಲೇ ಹೃದಯ ನಿಂತೇಹೋಯಿತು ಅಂತ ತುಂಬಾ ಜನ ಹೆದರುತ್ತಾರೆ. ಹಾಗಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ಹೃದಯ ಸಲೀಸಾಗಿ ತಳ್ಳಲಾರದ ಸ್ಥಿತಿ ಅದು. ಆದರೆ ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ತೊಡೆಯ ಬಗ್ಗೆ.

ಮಾತ್ರೆ ತಪ್ಪಿಸಿಲ್ಲ, ಕಾಲಿನ ಬಾವು ಇಳಿದಿದೆ, ಹೃದಯದ ಸ್ಕ್ಯಾನ್, ಅಂದರೆ ಎಕೋ ರಿಪೋರ್ಟ್ ಮೊದಲಿಗಿಂತ ಚೆನ್ನಾಗಿದೆ. ಆದರೂ ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಯಾಕೆ?

ರಕ್ತ ಆಮ್ಲಜನಕ ತಂದುಕೊಟ್ಟರೆ ಸಾಲದು, ಸ್ನಾಯು ಅದನ್ನು ತಗೊಂಡು ಬಳಸಬೇಕು ಅಲ್ವಾ? ವಯಸ್ಸಾದಂತೆ ಸ್ನಾಯು ಕರಗುತ್ತದೆ. ಹೃದಯ ಸೋತಾಗ ಇನ್ನೂ ಬೇಗ ಕರಗುತ್ತದೆ. ಉಳಿದ ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಕಡಿಮೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಕಡಿಮೆ. ಹೆಚ್ಚು ಹೊತ್ತು ತಾಳುವ ಎಳೆಗಳೂ ಕಡಿಮೆ. ಬೇಗ ದಣಿದ ಆ ಸ್ನಾಯು ನರಗಳ ಮೂಲಕ ಮಿದುಳಿಗೆ ಸುದ್ದಿ ಕಳಿಸುತ್ತದೆ: ಉಸಿರು ಜಾಸ್ತಿ ಮಾಡು, ರಕ್ತನಾಳ ಬಿಗಿ ಮಾಡು. ನಾಳ ಬಿಗಿಯಾದರೆ ಹೃದಯದ ಹೊರೆ ಮತ್ತೂ ಹೆಚ್ಚು. 1990ರ ದಶಕದಲ್ಲಿ ಹೃದಯತಜ್ಞ ಆಂಡ್ರ್ಯೂ ಕೋಟ್ಸ್ ಮತ್ತು ಜೊತೆಗಾರರು ಈ ಸುಳಿಯನ್ನು ವಿವರಿಸಿದರು.

ಈ ಕರಗುವಿಕೆ ತಕ್ಕಡಿಗೆ ಸಿಗುವುದಿಲ್ಲ. ಮೈಯಲ್ಲಿ ನೀರು ತುಂಬಿಕೊಂಡರೆ ತೂಕ ಹಾಗೇ ಇರುತ್ತದೆ, ಒಳಗೆ ಸ್ನಾಯು ಹೋಗಿರುತ್ತದೆ.

ಇನ್ನು ನಮ್ಮ ಪ್ರೀತಿ. "ನೀವು ಏಳಬೇಡಿ, ನೀರು ನಾನೇ ತರ್ತೀನಿ." ನನ್ನ ಅಪ್ಪನಿಗೆ ನಾನೂ ಹೀಗೇ ಮಾಡಿದೆ, ಈಗಲೂ ನೆನೆದರೆ ನೋವಾಗುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿದ್ದರು. ಅವರ ಕಾಲುಗಳಿಂದಲೇ ಸುಮಾರು 1 ಕೆ.ಜಿ.ಯಷ್ಟು ಕೊಬ್ಬಲ್ಲದ ತೂಕ ಇಳಿದಿತ್ತು. ರೋಗಿಯ ಗತಿ ಏನು ಹೇಳಿ.

2021ರಲ್ಲಿ ಅಮೆರಿಕದ್ದೇ ರೀಹ್ಯಾಬ್-ಎಚ್‌ಎಫ್ ಎಂಬ ಅಧ್ಯಯನ ಬಂತು. ಹೃದಯ ಸೋತು ಆಸ್ಪತ್ರೆ ಸೇರಿದ್ದ, 60 ದಾಟಿದ 349 ಮಂದಿ. ಒಂದು ಗುಂಪಿಗೆ ಕಾಲಿನ ಬಲ, ಸಮತೋಲ, ಓಡಾಟ, ತಾಳಿಕೆ, ಈ ನಾಲ್ಕರ ತರಬೇತಿ. ಸಾಧ್ಯವಾದಾಗ ಆಸ್ಪತ್ರೆಯಲ್ಲೇ ಶುರು. 3 ತಿಂಗಳ ನಂತರ ಓಡಾಟದ ಪರೀಕ್ಷೆಯಲ್ಲಿ 12ಕ್ಕೆ ಆ ಗುಂಪಿಗೆ 8.3, ಉಳಿದವರಿಗೆ 6.9. ಈ ಅಳತೆಯಲ್ಲಿ 1 ಅಂಕದ ಅಂತರವನ್ನೇ ದೊಡ್ಡದು ಎನ್ನುತ್ತಾರೆ. 6 ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರುವುದು ಮಾತ್ರ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಅದನ್ನೂ ಹೇಳಬೇಕು. ಆದರೆ ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿಬರುವುದು ಸಣ್ಣ ವಿಷಯವೇ?

ಊಟದಲ್ಲಿ ಕಾಳು, ಮೊಸರು, ಮೊಟ್ಟೆ ಇರಲಿ. ಉಪ್ಪಿನಕಾಯಿ, ಹಪ್ಪಳ ದೂರ ಇಡಿ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಎಷ್ಟು ಅಂತ ಡಾಕ್ಟರನ್ನೇ ಕೇಳಿ.

ಈಗ ಇಲ್ಲೊಂದು ಕುರ್ಚಿ ಇದೆ, ಗೋಡೆಗೆ ಒರಗಿಸಿದ್ದೇವೆ. ಎದೆನೋವು, ತಲೆಸುತ್ತು, ಕೂತಲ್ಲೇ ಉಸಿರಾಟದ ಕಷ್ಟ ಇರುವವರು ಬೇಡ. ಉಳಿದವರು ಒಬ್ಬೊಬ್ಬರೇ ಬನ್ನಿ, ಪಕ್ಕದಲ್ಲಿ ನಾನು ನಿಂತಿರುತ್ತೇನೆ. ಕೈ ಎದೆಗೆ ಕಟ್ಟಿಕೊಂಡು 5 ಸಲ ಎದ್ದು ಕೂರಬೇಕು. ಕಾಲಿನ ಬಲ ನೋಡುವ ಈ ಪರೀಕ್ಷೆಗೆ ಏಷ್ಯಾದವರಿಗಾಗಿ ಹಾಕಿರುವ ಗಡಿ 12 ಸೆಕೆಂಡ್. ಅದಕ್ಕಿಂತ ತಡವಾದವರು ಹೆದರಬೇಡಿ, ನನ್ನ ಹತ್ತಿರ ಒಂದು ನಿಮಿಷ ನಿಲ್ಲಿ.