ನಮ್ಮ ಮದ್ದಳೆ ಮಾವ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಾನು ಮಾತಾಡಲು ಹೊರಟಿರುವುದು ಯಕ್ಷಗಾನಕ್ಕೆ ಮದ್ದಳೆ ಬಾರಿಸುತ್ತಿದ್ದ ಒಬ್ಬ ಮದ್ದಳೆಗಾರರ ಬಗ್ಗೆ. ಅವರಿಗೆ ದೊಡ್ಡ ಪ್ರಶಸ್ತಿ ಯಾವುದೂ ಬಂದಿಲ್ಲ. ಅವರ ಹೆಸರಿನ ಒಂದು ಕ್ಯಾಸೆಟ್ಟೂ ಇಲ್ಲ. ಆದರೆ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಹೋಗಿ ಸ್ವಲ್ಪ ಪ್ರಾಯದವರ ಹತ್ತಿರ ವಿಚಾರಿಸಿದರೆ "ಓ, ಅವರಾ!" ಅಂತ ಮೊದಲು ನಗುತ್ತಾರೆ. ಮಾತು ಆಮೇಲೆ.

ನನ್ನ ಅಮ್ಮನ ಅಣ್ಣ ಅವರು. ನನಗೆ ಸೋದರಮಾವ, ಊರಿಗೆಲ್ಲ ಮದ್ದಳೆ ಮಾವ. ಹೆಸರು ಬೇಡ. ಯಾರಾದರೂ ಹೆಸರು ಹಿಡಿದು ಕರೆದರೆ "ಯಾವ ಕೇಸಿಗೆ ಸಾಕ್ಷಿ ಹೇಳಬೇಕು?" ಅಂತ ಕೇಳುತ್ತಿದ್ದ ಮನುಷ್ಯ.

ಹೋದ ವರ್ಷ ಪತ್ತನಾಜೆ ಕಳೆದ ಮೇಲೆ ತೀರಿಕೊಂಡರು. ಪತ್ತನಾಜೆ ಬರುವುದು ಮೇ 24ರ ಆಸುಪಾಸಿನಲ್ಲಿ, ತುಳುವಿನ ಬೇಶ ತಿಂಗಳ ಹತ್ತನೇ ದಿನ. ಅಲ್ಲಿಗೆ ಊರೂರಲ್ಲಿ ಆಟ, ಅಂದರೆ ಯಕ್ಷಗಾನ, ಆಡುವ ಮೇಳಗಳ ತಿರುಗಾಟ ಮುಗಿದು ಗೆಜ್ಜೆ ಬಿಚ್ಚುತ್ತಾರೆ. "ಮಾರಾಯ, ಒಂದು ಆಟವನ್ನೂ ತಪ್ಪಿಸದೆ ಸೀಸನ್ ಮುಗಿಸಿಯೇ ಹೊರಟನಲ್ಲ!" ಅಂತ ಅವರ ಜೊತೆಗಾರರೊಬ್ಬರು ಅಂಗಳದಲ್ಲಿ ನಿಂತು ಹೇಳಿದರು. ಅಳುತ್ತಾ ಇದ್ದವರಿಗೂ ನಗು ತಡೆಯಲಿಲ್ಲ.

ಮಾವನದ್ದು ಅಡಿಕೆ ತೋಟ. ದೊಡ್ಡದೇನಲ್ಲ. ನೀರು ಸುರಂಗದ್ದು. ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಳಗಿನ ಒಸರನ್ನು ಹೊರಗೆ ಹರಿಸುವ ಸುರಂಗ ಅಂದರೆ ಏನು ಅಂತ ಕಾಸರಗೋಡಿನವರಿಗೆ ನಾನು ಹೇಳಬೇಕಾಗಿಲ್ಲ. ಮಾವ ಸುರಂಗದ ಬಾಯಲ್ಲಿ ನಿಂತು ಬಾಯಿತಾಳ, ಅಂದರೆ ಮದ್ದಳೆಯ ಪೆಟ್ಟುಗಳನ್ನು ಬಾಯಲ್ಲೇ, ಹೇಳುತ್ತಿದ್ದರು. ಒಳಗಿಂದ ಅದು ತಿರುಗಿ ಬರುತ್ತಿತ್ತು. "ನೋಡು ಕೂಸೇ, ಒಳಗೆ ಒಬ್ಬ ಮದ್ದಳೆಗಾರ ಇದ್ದಾನೆ. ಜನ ಒಳ್ಳೆಯವನೇ. ಯಾವಾಗಲೂ ಒಂದು ಪೆಟ್ಟು ತಡ, ಅಷ್ಟೇ" ಎನ್ನುತ್ತಿದ್ದರು. ನಾವು ಮಕ್ಕಳು ಎಷ್ಟೋ ಸಲ ಬಗ್ಗಿ ಒಳಗೆ ಇಣುಕಿದ್ದೇವೆ.

ಯಕ್ಷಗಾನದ ತಾಳಗಳು ನಮಗೆ ಬಂದದ್ದು ಹಟ್ಟಿಯಿಂದ. ಮಾವನ ಹಟ್ಟಿಯಲ್ಲಿ ಇದ್ದದ್ದು ನಮ್ಮ ಕಾಸರಗೋಡು ತಳಿಯ ಗಿಡ್ಡ ದನಗಳು. ಹುಟ್ಟಿದ ಕರುಗಳಿಗೆಲ್ಲ ತಾಳದ ಹೆಸರು. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ. ಝಂಪೆ ಅಂತ ಹೆಸರಿಟ್ಟದ್ದು ಕುಂಟುವ ಕರುವಿಗೆ. ಸಂಜೆ ಅತ್ತೆ ಗೇಟಿನ ಹತ್ತಿರ ನಿಂತು "ತ್ರಿವುಡೇ, ಬಾ" ಅಂತ ಕೂಗಿದರೆ, ದಾರಿಯಲ್ಲಿ ಹೋಗುವ ಭಾಗವತರು, ಆಟದಲ್ಲಿ ಪದ ಹಾಡುವವರು, ತಿರುಗಿ ನೋಡುತ್ತಿದ್ದರು!

ಇನ್ನು ಮದ್ದಳೆ. ಹಲಸಿನ ಮರದ್ದು. ಬಲದ ಮುಚ್ಚಿಗೆಯ, ಅಂದರೆ ಚರ್ಮದ ಹೊದಿಕೆಯ, ನಡುವೆ ಕರಣೆ ಅನ್ನುವ ಕಪ್ಪು ಲೇಪ. ಅದರ ನಾದ ಭಾಗವತರ ಶ್ರುತಿಗೆ ಸರಿಯಾಗಿ ಕೂಡಬೇಕು. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಶ್ರುತಿ ಇಳಿಯುತ್ತದೆ. ಆದರೆ ತಾಳಮದ್ದಳೆ ಕೂಟ ಜಾಸ್ತಿ ನಡೆಯುವುದೇ ಮಳೆಗಾಲದಲ್ಲಿ, ಅಲ್ವಾ? ವೇಷ ಇಲ್ಲ, ಕುಣಿತ ಇಲ್ಲ, ರಂಗಸ್ಥಳ ಬೇಡ. ಒಂದು ಚಾವಡಿ ಇದ್ದರೆ ಆಯಿತು. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ರಾಮನೂ ವಾಲಿಯೂ ಆಗುತ್ತಾರೆ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಹುಟ್ಟಿದ ಕುಂಬಳೆ ಸೀಮೆ ನಮ್ಮದು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಮಾತಿನಲ್ಲೇ ಅರಮನೆ ಕಟ್ಟಿ ತೋರಿಸಿದ ಸೀಮೆ. ಇಲ್ಲಿ ಆಟಿ ತಿಂಗಳಲ್ಲಿ ಮಳೆ ಎಷ್ಟು ಹೊಡೆದರೂ ಕೂಟ ನಿಲ್ಲುವುದಿಲ್ಲ.

ಹಾಗಾಗಿ ಮಾವ ಮದ್ದಳೆಯನ್ನು ಅಡುಗೆ ಮನೆಯ ಅಟ್ಟದಲ್ಲಿ ಇಡುತ್ತಿದ್ದರು. ಒಲೆಯ ಬಿಸಿ ತಾಗಲಿ ಅಂತ. ಅದೇ ಅಟ್ಟದಲ್ಲಿ ಹಲಸಿನ ಹಪ್ಪಳ, ಸಾಂತಣಿ, ಅತ್ತೆಯ ಮಳೆಗಾಲದ ಆಸ್ತಿಯೆಲ್ಲ. ಕೂಟಕ್ಕೆ ಕೂತಾಗ ಮದ್ದಳೆಯಿಂದ ಹೊಗೆಯ ವಾಸನೆ, ಹಪ್ಪಳದ ವಾಸನೆ. ಒಬ್ಬರು ಭಾಗವತರು ಪದದ ನಡುವೆಯೇ ಮೂಗೇರಿಸಿ "ಎಂತ, ಹಸಿವಾಗ್ತದಲ್ಲ" ಅಂದರಂತೆ. ಶ್ರುತಿ ಮಾಡುವಾಗ ಒಂದು ಸಣ್ಣ ಕಲ್ಲಿನಿಂದ ಅಂಚಿಗೆ ತಟ್ಟುತ್ತಾ, ಕಿವಿ ಕೊಟ್ಟು ಕೇಳುತ್ತಾ, ಮತ್ತೆ ತಟ್ಟುತ್ತಾ ಇರುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಅವರನ್ನು ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅತ್ತೆಗೂ.

ಆಟದಲ್ಲಿ ಹಾಸ್ಯಗಾರ ರಂಗಸ್ಥಳಕ್ಕೆ ಬಂದರೆ ಮಾವನಿಗೆ ಹಬ್ಬ. ಹಾಸ್ಯಗಾರ ಕುಣಿಯುತ್ತಾ ಒಂದು ಕಾಲು ಎತ್ತುವ ಹೊತ್ತಿಗೆ ಇವರು ಕೈ ನಿಲ್ಲಿಸಿಬಿಡುತ್ತಿದ್ದರು. ಪೆಟ್ಟು ಬೀಳದೆ ಅವನು ಕಾಲು ಇಳಿಸುವ ಹಾಗಿಲ್ಲ. ಸಭೆ ಹಾಸ್ಯಗಾರನನ್ನು ನೋಡುತ್ತದೆ. ಹಾಸ್ಯಗಾರ ಮಾವನನ್ನು ನೋಡುತ್ತಾನೆ. ಮಾವ ಎಲ್ಲೋ ತೆಂಗಿನ ಮರದ ತುದಿ ನೋಡುತ್ತಾರೆ. ಕೊನೆಗೆ ಭಾಗವತರು ಜಾಗಟೆಯ ಕೋಲು ಎತ್ತಿ ಹೆದರಿಸಿದ ಮೇಲೆ "ಧೋಂ" ಅಂತ ಒಂದು ಪೆಟ್ಟು. ಸಭೆಯಲ್ಲಿ ನಿದ್ದೆ ಹೋದ ಮಕ್ಕಳೆಲ್ಲ ಎದ್ದು ಕೂರುತ್ತಿದ್ದರು. ಇದನ್ನು ಬರೀ ತಮಾಷೆ ಅಂತ ನಾನು ಒಪ್ಪುವುದಿಲ್ಲ. ಎಲ್ಲಿ ಬಾರಿಸಬಾರದು ಅಂತ ಗೊತ್ತಿದ್ದವರು ಮಾತ್ರ ಹಾಗೆ ನಿಲ್ಲಿಸಬಲ್ಲರು. ಶೋಕದ ಪದ ಬಂದರೆ ಅವರ ಮದ್ದಳೆ ಇದೆಯೋ ಇಲ್ಲವೋ ಅನ್ನಿಸುತ್ತಿತ್ತು. ಭಾಗವತರ ದನಿ ಒಂದೇ ಕೇಳಬೇಕು, ಅದಕ್ಕೆ ಎಲ್ಲೋ ಅಡಿಯಲ್ಲಿ ಇವರ ಬೆರಳು.

ಇಷ್ಟು ಗೊತ್ತಿದ್ದವರು ಮೇಳಕ್ಕೆ ಯಾಕೆ ಸೇರಲಿಲ್ಲ? ಕರೆ ಬಂದಿತ್ತು. ಮೇಳ ಅಂದರೆ ದೀಪಾವಳಿ ಕಳೆದು ಹೊರಟರೆ ಪತ್ತನಾಜೆವರೆಗೆ ತಿರುಗಾಟ, ದಿನಕ್ಕೊಂದು ಊರು. ಈಗ ಹೆಚ್ಚಿನ ಕಡೆ ನಡುರಾತ್ರಿಗೆ ಮಂಗಳ ಹಾಡುತ್ತಾರೆ. ಆಗೆಲ್ಲ ಆಟ ಬೆಳಗಿನವರೆಗೆ. ಮಾವ ಹೋಗಲಿಲ್ಲ. "ಸಂಸಾರಕ್ಕಾಗಿ ಕಲೆಯನ್ನು ತ್ಯಾಗ ಮಾಡಿದರು" ಅಂತ ನುಡಿನಮನದ ದಿನ ಒಬ್ಬರು ಗಂಭೀರವಾಗಿ ಹೇಳಿದರು. ತ್ಯಾಗವೂ ಇಲ್ಲ, ಎಂತದೂ ಇಲ್ಲ. ಮಾವನಿಗೆ ಎರಡೂ ಬೇಕಿತ್ತು. ಆಸೆಬುರುಕ! ರಾತ್ರಿ ಆಟವೂ ಬೇಕು, ಬೆಳಿಗ್ಗೆ ಮಕ್ಕಳ ಜೊತೆ ಕೂತು ದೋಸೆಯೂ ಬೇಕು. ಅತ್ತೆಯ ಹತ್ತಿರ ಕೇಳಿದರೆ ಕಾರಣ ಇನ್ನೂ ಸಣ್ಣದು. "ಮೇಳದ ಊಟ ಅವರಿಗೆ ಸೇರುತ್ತಿರಲಿಲ್ಲ."

ದೋಸೆಯ ವಿಷಯ ಹೇಳಲೇಬೇಕು. ಆಟ ಮುಗಿಸಿ ಐದು ಗಂಟೆಗೆ ಮನೆಗೆ ಬಂದರೆ ಅವರು ಮಲಗುತ್ತಿರಲಿಲ್ಲ. "ಹೇಗೂ ಎಚ್ಚರ ಇದ್ದೇನೆ, ನೀನು ಮಲಗು" ಅಂತ ಅತ್ತೆಗೆ ಹೇಳಿ ಒಲೆ ಹೊತ್ತಿಸುತ್ತಿದ್ದರು. ಹಿಟ್ಟು ಹೊಯ್ಯುವಾಗ ರಾತ್ರಿಯ ಪದ ಇನ್ನೂ ಬಾಯಲ್ಲಿ. ರಾವಣನ ಪದ ಆದರೆ ದೋಸೆ ದಪ್ಪ. ಮಕ್ಕಳು ದೋಸೆ ನೋಡಿ ರಾತ್ರಿ ಯಾವ ಪ್ರಸಂಗ ಆಗಿತ್ತು ಅಂತ ಹೇಳುತ್ತಿದ್ದರು ಅನ್ನುವುದು ಮಾವನೇ ಹಬ್ಬಿಸಿದ ಕಥೆ. ಸತ್ಯ ಎಷ್ಟೋ ದೇವರಿಗೇ ಗೊತ್ತು. ಮಕ್ಕಳನ್ನು ಶಾಲೆಗೆ ಕಳಿಸಿ, ತೋಟಕ್ಕೆ ಒಂದು ಸುತ್ತು ಹಾಕಿ, ಮತ್ತೆ ನಿದ್ದೆ.

ನಮ್ಮ ಕಡೆ ಒಬ್ಬ ಮನುಷ್ಯನಿಗೆ ಮೂರು ನಾಲ್ಕು ಭಾಷೆ ಇದ್ದೇ ಇರುತ್ತದೆ. ಮಾವ ಮನೆಯಲ್ಲಿ ಹವ್ಯಕ, ಕೂಟದಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದರ ನೋವು ಅವರಿಗೂ ಇತ್ತು, ಸಭೆಗಳಿಗೂ ಹೋದವರು. ಆದರೆ ಮಲೆಯಾಳದಲ್ಲಿ ಜೋಕು ಹೊಡೆಯುವುದನ್ನು ಬಿಡಲಿಲ್ಲ. ಬಸ್ಸಿನ ಕಂಡಕ್ಟರು ಸ್ಟಾಪುಗಳ ಹೆಸರು ಕೂಗುವುದನ್ನು ಏಕತಾಳಕ್ಕೆ ಕೂರಿಸಿ ಬಾರಿಸುತ್ತಿದ್ದರು. ಕುಂಬಳೆ, ಉಪ್ಪಳ, ಮಂಜೇಶ್ವರ, ತಲಪಾಡಿ! ಮದುವೆ ಮನೆಯಲ್ಲಿ ಇದು ಇಲ್ಲದೆ ಊಟ ಮುಗಿಯುತ್ತಿರಲಿಲ್ಲ.

ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರು ದೇಶಕ್ಕೆಲ್ಲ ಗೊತ್ತಿರುವುದು 1973ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ. 2020ರಲ್ಲಿ ತೀರಿಕೊಂಡ ಅವರು ನಮ್ಮವರಿಗೆ ಸ್ವತಃ ಭಾಗವತಿಕೆ ಮಾಡುತ್ತಿದ್ದ ಸ್ವಾಮಿಗಳು. ಅಲ್ಲಿ ಸಭೆಯಲ್ಲಿ ಕೂತು ಕೇಳುವಾಗ ಮಾವನ ಕೈ ಸುಮ್ಮನಿರುತ್ತಿರಲಿಲ್ಲ. ಪಕ್ಕದಲ್ಲಿ ಕೂತವರ ತೊಡೆಯೇ ಮದ್ದಳೆ. ಅತ್ತೆ ಅದಕ್ಕೇ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದರು.

2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಾವನ ಮಗಳು ಮಂಗಳೂರಿನಲ್ಲಿ, ಮೊಮ್ಮಗ ಅಲ್ಲೇ. ಇತ್ತ ಆಟ ಇಲ್ಲ, ಕೂಟ ಇಲ್ಲ. ಎರಡು ವಾರ ಮಾವ ಯಾರಿಗೂ ಜೋಕು ಹೇಳಲಿಲ್ಲ. ಮನೆಯವರಿಗೆ ಕೊರೊನಾಕ್ಕಿಂತ ಹೆಚ್ಚು ಹೆದರಿಕೆ ಆದದ್ದು ಇದರಿಂದ. ಆಮೇಲೆ ಮಗಳು ಫೋನಿನಲ್ಲಿ ವಿಡಿಯೋ ಮಾಡುವುದು ಕಲಿಸಿದಳು. ಸಂಜೆ ಸಂಜೆ ಮೊಮ್ಮಗನಿಗೆ ಪಾಠ ಶುರು. ಫೋನಿನಲ್ಲಿ ಸದ್ದು ಒಂದು ಕ್ಷಣ ತಡವಾಗಿ ಬರುತ್ತದೆ ನೋಡಿ. ಮಾವ ಕೂಗಿದರು: "ಅತ್ತೆಯನ್ನು ಕರೆಯಿರಿ! ಸುರಂಗದೊಳಗಿನವ ಈಗ ಮಂಗಳೂರಿಗೆ ಹೋಗಿ ಕೂತಿದ್ದಾನೆ!"

ಮಗಳಿಗೂ ಅವರೇ ಗುರು. ಅವಳು ಸಣ್ಣವಳಿದ್ದಾಗ ಹೆಣ್ಣು ಮಕ್ಕಳು ಹಿಮ್ಮೇಳಕ್ಕೆ ಕೂರುವುದು ಅಪರೂಪ. ಆಕ್ಷೇಪ ಬಂತು. "ಬಾರಿಸಿದ್ದು ಯಾರ ಕೈ ಅಂತ ಮದ್ದಳೆಗೆ ಎಂತ ಗೊತ್ತಾಗ್ತದೆ ಮಾರಾಯ?" ಅಂತ ಮಾವ ಕೇಳಿದರು. ಆಕ್ಷೇಪ ಮಾಡಿದವರ ಮೊಮ್ಮಗಳು ಈಗ ಚೆಂಡೆ ಕಲಿಯುತ್ತಿದ್ದಾಳೆ.

ಆ ಮಗಳೇ ಈಗ ಶನಿವಾರ ರೈಲು ಹತ್ತಿ ಊರಿಗೆ ಬರುತ್ತಾಳೆ. ಭಾನುವಾರ ಬೆಳಿಗ್ಗೆ ಮಾವನ ಚಾವಡಿಯಲ್ಲಿ ಊರ ಮಕ್ಕಳಿಗೆ ಪಾಠ. ಫೀಸು ಇಲ್ಲ. ಅತ್ತೆಯ ಅವಲಕ್ಕಿ, ಚಹಾ ಉಂಟು. ಮೊನ್ನೆ ನಾನು ಹೋಗಿದ್ದಾಗ ಮಕ್ಕಳ ಒಂದು ದೂರು ಇತ್ತು. ಅಕ್ಕ ತುಂಬಾ ಜೋರಂತೆ. ಅಜ್ಜನಾದರೆ ತಾಳ ತಪ್ಪಿದರೆ ನಗುತ್ತಿದ್ದರಂತೆ, ಅಕ್ಕ ಮೊದಲಿಂದ ಬಾರಿಸಲು ಹೇಳುತ್ತಾಳಂತೆ. ಅತ್ತೆ ಒಳಗಿಂದ ಕೇಳಿಸಿಕೊಂಡು ಹೇಳಿದರು: "ಅವರು ನಕ್ಕೂ ಮೊದಲಿಂದಲೇ ಬಾರಿಸಲು ಹೇಳುತ್ತಿದ್ದರು ಮಕ್ಕಳೇ. ನಿಮಗೆ ನಗು ಮಾತ್ರ ನೆನಪುಂಟು."

ನಮಸ್ಕಾರ.