ಇರುವುದು ಒಂದೇ ಮೆಷೀನ್, ರೆಡಿಸ್ ಯಾಕೆ ಗುರು?

ನಮಸ್ಕಾರ. ಇವತ್ತು ಬೇರೆ ವಿಷಯಕ್ಕೆ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಬೆಳಿಗ್ಗೆ ಒಂದು ಕಮೆಂಟ್ ಓದಿದೆ, ಆ ಸ್ಕ್ರಿಪ್ಟನ್ನು ಪಕ್ಕಕ್ಕಿಟ್ಟೆ. ಕಮೆಂಟ್ ಇದು: "ಸರ್, ನಿಮ್ಮ ಡೆಮೊ ಆ್ಯಪ್‌ನಲ್ಲಿ ರೆಡಿಸ್ಸೇ ಇಲ್ಲ. ಕಾಲೇಜ್ ಪ್ರಾಜೆಕ್ಟ್ ಥರ ಇದೆ, ಪ್ರೊಡಕ್ಷನ್‌ಗೆ ಆಗಲ್ಲ." ಅದಕ್ಕೆ ಬಿದ್ದಿರುವ ಲೈಕ್ ನೋಡಿದೆ. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ. ಲೈಕ್ ಒತ್ತುವ ಕೈ ಹಾಗೇ ಸ್ವಲ್ಪ ಮೇಲಕ್ಕೂ ಬರಲಿ, ಸಬ್‌ಸ್ಕ್ರೈಬ್ ಬಟನ್ ಅಲ್ಲೇ ಇದೆ.

ಆ ಆ್ಯಪ್ ಓಡುವುದು ಒಂದೇ ಮೆಷೀನ್‌ನಲ್ಲಿ. ಕೋಡ್ ಅಲ್ಲೇ, ಡೇಟಾಬೇಸ್ ಅಲ್ಲೇ. ರೆಡಿಸ್ ಹಾಕುವುದು ಸಾಮಾನ್ಯವಾಗಿ ಕ್ಯಾಶ್‌ಗೆ, ಅಂದರೆ ಆಗಾಗ ಬೇಕಾಗುವ ಡೇಟಾ ಬೇಗ ಸಿಗಲಿ ಅಂತ ಮೆಮೊರಿಯಲ್ಲಿ ಒಂದು ಕಾಪಿ ಇಟ್ಟುಕೊಳ್ಳುವುದಕ್ಕೆ. ಈ ಆ್ಯಪ್‌ಗೆ ಕ್ಯಾಶ್ ಬೇಕು ಅನಿಸಿದರೆ ಒಂದು ಡಿಕ್ಷನರಿ ಸಾಕು, ಕೀ ಕೊಟ್ಟರೆ ಅದರ ವ್ಯಾಲ್ಯೂ ಕೊಡುವ ಪಟ್ಟಿ. ಪೈಥಾನ್‌ನಲ್ಲಿ ಡಿಕ್ಟ್, ಗೋನಲ್ಲಿ ಮ್ಯಾಪ್, ಜಾವಾದಲ್ಲಿ ಹ್ಯಾಶ್‌ಮ್ಯಾಪ್. ನಿಮ್ಮ ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮ್ ಒಳಗೇ ಇರುತ್ತದೆ, ಯಾರನ್ನೂ ಕೇಳಬೇಕಿಲ್ಲ. ಇಷ್ಟೇ ನನ್ನ ಮಾತು. ವಿಡಿಯೋ ಇಲ್ಲಿಗೇ ಮುಗಿಯಬೇಕಿತ್ತು, ಆದರೆ ನನಗೆ ಸಿಟ್ಟು ಬಂದಿದೆ.

ರೆಡಿಸ್ ಅಂದರೆ ಏನು ಅಂತ ಅದರ ಹೆಸರೇ ಹೇಳುತ್ತದೆ: ರಿಮೋಟ್ ಡಿಕ್ಷನರಿ ಸರ್ವರ್. ರಿಮೋಟ್! ದೂರದಲ್ಲಿರುವ ಡಿಕ್ಷನರಿ. ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಅದನ್ನು ಹೊರಗೆ ಬಿಟ್ಟರು. ತುಂಬ ಒಳ್ಳೆಯ ಸಾಫ್ಟ್‌ವೇರ್, ನನಗೆ ಅದರ ಮೇಲೆ ಜಗಳವಿಲ್ಲ. ಅದಕ್ಕೂ ಮುಂಚೆ 2003ರಲ್ಲಿ ಮೆಮ್‌ಕ್ಯಾಶ್‌ಡಿ ಅನ್ನುವ ಇಂಥದ್ದೇ ಕ್ಯಾಶ್ ಸರ್ವರ್ ಬಂದಿದ್ದು ಲೈವ್‌ಜರ್ನಲ್ ಅನ್ನುವ ಬ್ಲಾಗ್ ಸೈಟ್‌ಗಾಗಿ. ಅವರ ಹತ್ತಿರ ಸಾಲು ಸಾಲು ಸರ್ವರ್‌ಗಳಿದ್ದವು. ಅವುಗಳಲ್ಲಿ ಖಾಲಿ ಬಿದ್ದಿದ್ದ ಮೆಮೊರಿಯನ್ನೆಲ್ಲ ಸೇರಿಸಿ ಒಂದು ದೊಡ್ಡ ಕ್ಯಾಶ್ ಮಾಡಿಕೊಂಡರು. ಅಂದರೆ ಈ ಐಡಿಯಾ ಹುಟ್ಟಿದ್ದೇ ಮೆಷೀನ್ ಜಾಸ್ತಿ ಇದ್ದವರಿಗೆ. ನಿಮ್ಮ ಹತ್ತಿರ ಎಷ್ಟಿದೆ? ಒಂದು. ಬೇಕಿದ್ದರೆ ಇನ್ನೊಂದು ಸಲ ಎಣಿಸಿ.

ಈಗ ಯೂಸರ್ 42ರ ಹೆಸರು ಬೇಕು ಅಂದುಕೊಳ್ಳಿ. ರೆಡಿಸ್ ಇದ್ದರೆ ಏನಾಗುತ್ತದೆ? ನಿಮ್ಮ ಕೋಡ್ ಒಂದು ಕಮಾಂಡ್ ಕಟ್ಟಿ ಸಾಕೆಟ್‌ಗೆ, ಅಂದರೆ ಪ್ರೊಸೆಸ್‌ಗಳು ಮಾತಾಡಿಕೊಳ್ಳುವ ಕೊಳವೆಗೆ, ಬರೆಯುತ್ತದೆ. ಅದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಹೋಗುತ್ತದೆ, ಮೆಷೀನ್ ತನ್ನೊಳಗೇ ಮಾತಾಡಿಕೊಳ್ಳುವ ಲೂಪ್‌ಬ್ಯಾಕ್ ನೆಟ್‌ವರ್ಕ್ ಮೂಲಕ ರೆಡಿಸ್‌ನ ಪೋರ್ಟ್ 6379ಕ್ಕೆ ಬರುತ್ತದೆ, ರೆಡಿಸ್ ಪ್ರೊಸೆಸ್ ಎದ್ದು ಆ ಕಮಾಂಡ್ ಬಿಡಿಸಿ ಓದುತ್ತದೆ, ಆಮೇಲೆ ಒಂದು ಹ್ಯಾಶ್ ಟೇಬಲ್‌ನಲ್ಲಿ ಹುಡುಕುತ್ತದೆ. ಹ್ಯಾಶ್ ಟೇಬಲ್! ನಿಮ್ಮ ಭಾಷೆಯಲ್ಲಿ ಆಗಲೇ ಇದೆಯಲ್ಲ ಡಿಕ್ಷನರಿ, ಅದೇ. ಸಿಕ್ಕಿದ್ದನ್ನು ಮತ್ತೆ ಸಾಕೆಟ್‌ಗೆ ಬರೆದು, ಮತ್ತೆ ಕರ್ನಲ್ ದಾಟಿಸಿ, ನಿಮ್ಮ ಪ್ರೊಸೆಸ್‌ಗೆ ಕಳಿಸಿದರೆ, ನೀವು ಜೇಸನ್ ಅನ್ನುವ ಪಠ್ಯ ರೂಪದಲ್ಲಿ ಬಂದ ಆ ಸ್ಟ್ರಿಂಗನ್ನು ಬಿಡಿಸಿ ಪುನಃ ಆಬ್ಜೆಕ್ಟ್ ಮಾಡಿಕೊಳ್ಳುತ್ತೀರಿ. ಮೂಗು ಮುಖದ ಮೇಲೇ ಇದೆ, ಕೈ ಮಾತ್ರ ತಲೆ ಸುತ್ತಿಕೊಂಡು ಬರಬೇಕು.

ಮೆಮೊರಿಯಿಂದ ಒಂದು ಸಲ ಓದುವುದಕ್ಕೆ ಸುಮಾರು 100 ನ್ಯಾನೊಸೆಕೆಂಡ್. ಲೂಪ್‌ಬ್ಯಾಕ್‌ನಲ್ಲಿ ಹೋಗಿ ಬರುವುದಕ್ಕೆ ಹತ್ತಾರು ಮೈಕ್ರೊಸೆಕೆಂಡ್. ನೂರಾರು ಪಟ್ಟು. "ಮೈಕ್ರೊಸೆಕೆಂಡ್ ತಾನೇ ಸರ್, ಯಾರಿಗೆ ಗೊತ್ತಾಗುತ್ತೆ?" ಯಾರಿಗೂ ಗೊತ್ತಾಗಲ್ಲ ಅಂದರೆ ಕ್ಯಾಶ್ ಯಾಕೆ ಹಾಕಿದಿರಿ? ಅದೇ ಮೆಷೀನ್‌ನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂಡ ಆಗಾಗ ಓದುವ ಸಾಲುಗಳನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ, ಡೀಫಾಲ್ಟ್ ಆಗಿ 128 ಎಂಬಿ ಅದಕ್ಕಂತಲೇ ಇದೆ, ಅದರ ಹಿಂದೆ ಓದಿದ ಫೈಲ್‌ಗಳನ್ನು ಮೆಮೊರಿಯಲ್ಲಿಡುವ ಆಪರೇಟಿಂಗ್ ಸಿಸ್ಟಮ್‌ನ ಪೇಜ್ ಕ್ಯಾಶ್ ಬೇರೆ. ಆ ಮೆಮೊರಿಯ ಮುಂದೆ ನೀವು ಇನ್ನೊಂದು ಮೆಮೊರಿ ಇಟ್ಟಿದ್ದೀರಿ. ಅದೂ ಸಾಕೆಟ್ ಆಚೆ.

ಒಂದು ಸಲ ಪರಿಚಯದವರೊಬ್ಬರು ಪೇಜ್ ಸ್ಲೋ ಇದೆ ಅಂತ ಕೋಡ್ ತೋರಿಸಿದರು. ಸೆಟ್ಟಿಂಗ್ಸ್ ಟೇಬಲ್, ಅದರಲ್ಲಿ 40 ಸಾಲು. ಪ್ರತಿ ಸಾಲಿಗೂ ರೆಡಿಸ್‌ನಲ್ಲಿ ಒಂದು ಕೀ. ಟೆಂಪ್ಲೇಟ್ ಒಳಗೆ ಲೂಪ್, ಲೂಪ್ ಒಳಗೆ ಗೆಟ್, ಒಂದಾದ ಮೇಲೆ ಒಂದು. ಬಟನ್ ಬಣ್ಣ ಯಾವುದು? ರೆಡಿಸ್ ಕೇಳು. ಫುಟರ್‌ನಲ್ಲಿ ಯಾವ ವರ್ಷ? ರೆಡಿಸ್ ಕೇಳು. ವರ್ಷಕ್ಕೊಂದು ಸಲ ಬದಲಾಗುವ ವರ್ಷವನ್ನು ಪೇಜ್ ತೆರೆದಾಗಲೆಲ್ಲ ಇನ್ನೊಂದು ಪ್ರೊಸೆಸ್‌ಗೆ ಕೇಳುತ್ತಿದ್ದರು ಮಹಾನುಭಾವರು. 40 ಸಾಲನ್ನೂ ಶುರುವಿನಲ್ಲೇ ಡಿಕ್ಟ್‌ಗೆ ಹಾಕಿದೆ, ನಿಮಿಷಕ್ಕೊಮ್ಮೆ ಹೊಸದಾಗಿ ಓದು ಅಂದೆ. ಮುಗಿಯಿತು. ಡಿಕ್ಟ್ ಸಾಕು!

ಈಗ ನಿಮ್ಮ ವಾದಗಳಿಗೆ ಬರೋಣ.

"ರೀಸ್ಟಾರ್ಟ್ ಆದರೆ ಡಿಕ್ಟ್ ಖಾಲಿ ಆಗುತ್ತೆ." ಆಗಲಿ! ಅದು ಕ್ಯಾಶ್. ಹೋದರೆ ಅಳು ಬರುತ್ತದೆ ಅಂದರೆ ಅದು ಕ್ಯಾಶ್ ಅಲ್ಲ, ಡೇಟಾಬೇಸ್. ಖಾಲಿ ಆಗುವುದೇ ಒಳ್ಳೆಯದು. ಹೊಸ ಕೋಡ್‌ನಲ್ಲಿ ಒಂದು ಫೀಲ್ಡ್ ಹೆಸರು ಬದಲಾಯಿಸಿ ಡಿಪ್ಲಾಯ್ ಮಾಡಿ ನೋಡಿ, ರೆಡಿಸ್‌ನಲ್ಲಿ ಹಳೇ ಜೇಸನ್ ಹಾಗೇ ಕೂತಿರುತ್ತದೆ, ಹೊಸ ಕೋಡ್ ಅದನ್ನು ಓದಿ ಎಡವಿ ಬೀಳುತ್ತದೆ. ಡಿಕ್ಟ್ ಹಳೇ ಕೋಡ್ ಜೊತೆಗೇ ಹೋಗುತ್ತದೆ.

"ಒಂದೇ ಆ್ಯಪ್‌ಗೆ ನಾಲ್ಕು ವರ್ಕರ್ ಪ್ರೊಸೆಸ್ ಇದ್ದರೆ ನಾಲ್ಕು ಕಾಪಿ ಆಗುತ್ತೆ, ಒಂದರಲ್ಲಿ ಬದಲಾದದ್ದು ಇನ್ನೊಂದಕ್ಕೆ ಗೊತ್ತಾಗಲ್ಲ." ಇದು ಮಾತ್ರ ಸ್ವಲ್ಪ ಸರಿಯಾದ ವಾದ, ಅದಕ್ಕೇ ಬೇಗ ದಾಟಿಕೊಳ್ಳುತ್ತೇನೆ. 5 ಎಂಬಿಯ ನಾಲ್ಕು ಕಾಪಿ ಅಂದರೆ 20 ಎಂಬಿ, ನಿಮ್ಮ ಬ್ರೌಸರ್‌ನ ಒಂದು ಟ್ಯಾಬ್ ಇದನ್ನು ಕೇಳಿ ನಗುತ್ತದೆ. 30 ಸೆಕೆಂಡ್ ಹಳೆಯದಾದರೆ ನಡೆಯುತ್ತದೆ ಅಂದರೆ 30 ಸೆಕೆಂಡ್ ಟಿಟಿಎಲ್ ಹಾಕಿ, ಅಂದರೆ ಅಷ್ಟು ಹೊತ್ತಾದ ಮೇಲೆ ಅಳಿಸಿಹೋಗುವ ಗಡುವು. ಪಿಎಚ್‌ಪಿಯವರಿಗೆ ಎಪಿಸಿಯು ಅನ್ನುವ ಕ್ಯಾಶ್ ಇದೆ, ವರ್ಕರ್‌ಗಳೆಲ್ಲ ಒಂದೇ ಮೆಮೊರಿ ಹಂಚಿಕೊಳ್ಳುತ್ತಾರೆ. ಮುಂದೆ.

"ಮೆಮೊರಿ ತುಂಬಿ ಹೋದರೆ?" ಪೈಥಾನ್‌ನಲ್ಲಿ ಎಲ್‌ಆರ್‌ಯು ಕ್ಯಾಶ್ ಅಂತ ಡೆಕೊರೇಟರ್ ಇದೆ, ಫಂಕ್ಷನ್ ಮೇಲೆ ಬರೆಯುವ ಒಂದು ಸಾಲು, ತುಂಬಿದರೆ ಬಹಳ ಹೊತ್ತಿನಿಂದ ಬಳಸದ್ದನ್ನು ತೆಗೆದುಹಾಕುತ್ತದೆ, ಡೀಫಾಲ್ಟ್ ಮಿತಿ 128 ಎಂಟ್ರಿ. ಜಾವಾದಲ್ಲಿ ಕ್ಯಾಫೀನ್ ಲೈಬ್ರರಿ ಇದೆ. ಆದರೆ 64 ಬಿಟ್ ಮೆಷೀನ್‌ನಲ್ಲಿ ರೆಡಿಸ್‌ಗೆ ಡೀಫಾಲ್ಟ್ ಆಗಿ ಮಿತಿಯೇ ಇಲ್ಲ, ಗೊತ್ತಾ? ನನಗೆ ಗೊತ್ತಿರಲಿಲ್ಲ. 2 ಜಿಬಿಯ ಪುಟ್ಟ ಸರ್ವರ್, ರೆಡಿಸ್‌ಗೆ ಮ್ಯಾಕ್ಸ್‌ಮೆಮೊರಿ ಅನ್ನುವ ಮಿತಿ ಹಾಕಿಲ್ಲ, ಕೀಗಳಿಗೆ ಟಿಟಿಎಲ್ ಹಾಕಿಲ್ಲ. ತಪ್ಪು ನನ್ನದೇ. ಒಂದು ರಾತ್ರಿ ಲಿನಕ್ಸ್‌ಗೆ ಮೆಮೊರಿ ಸಾಲದೆ ಯಾರನ್ನೋ ಒಬ್ಬರನ್ನು ಮುಗಿಸಬೇಕಾಯಿತು. ಯಾರನ್ನು ಮುಗಿಸಿತು ಹೇಳಿ? ಡೇಟಾಬೇಸನ್ನು! ಕ್ಯಾಶ್ ಹಾಯಾಗಿ ಬದುಕಿತ್ತು. ಯಾವ ಡೇಟಾಗಾಗಿ ಕ್ಯಾಶ್ ಇಟ್ಟಿದ್ದೆನೋ ಆ ಡೇಟಾಬೇಸೇ ಇಲ್ಲ. ಅವತ್ತು ಲಾಗ್ ನೋಡುತ್ತಾ ನಕ್ಕೆನೋ ಅತ್ತೆನೋ ನೆನಪಿಲ್ಲ.

ಅಂದ ಹಾಗೆ ಕ್ಯಾಶ್ ಅಂತ ಕನ್ನಡದಲ್ಲಿ ಬರೆದರೆ ದುಡ್ಡೂ ಅದೇ, ಇದೂ ಅದೇ. ದುಡ್ಡು ಕೊಟ್ಟು ಬೇರೆಯವರಿಂದ ನಡೆಸಿಸುವ ಮ್ಯಾನೇಜ್ಡ್ ರೆಡಿಸ್ ತೆಗೆದುಕೊಂಡವರಿಗೆ ಎರಡೂ ಒಟ್ಟಿಗೇ ಅರ್ಥವಾಗುತ್ತದೆ.

"ನಾಳೆ ಹತ್ತು ಸರ್ವರ್ ಆದಾಗ?" ಕೂಸು ಹುಟ್ಟುವ ಮುಂಚೆ ಕುಲಾವಿ! ಗೆಟ್ ಅಂತ ಒಂದು ಫಂಕ್ಷನ್, ಸೆಟ್ ಅಂತ ಒಂದು ಫಂಕ್ಷನ್ ಬರೆದು ಅದರೊಳಗೆ ಡಿಕ್ಟ್ ಇಡಿ. ಹತ್ತು ಸರ್ವರ್ ಆದ ದಿನ ಒಳಗಿರುವುದನ್ನು ಬದಲಾಯಿಸಿ. ಆ ದಿನ ಬಂದರೆ ನನಗೆ ಮೆಸೇಜ್ ಮಾಡಿ, ನಾನೇ ಬಂದು ಬದಲಾಯಿಸಿ ಕೊಡುತ್ತೇನೆ. ಇನ್ನೂ ಯಾರೂ ಮಾಡಿಲ್ಲ.

ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್, 2024ರಲ್ಲಿ ಬಂದ ರೈಲ್ಸ್ 8 ನೋಡಿ. ಹೊಸ ಆ್ಯಪ್‌ಗೆ ಡೀಫಾಲ್ಟ್ ಕ್ಯಾಶ್ ಯಾವುದು? ಸಾಲಿಡ್ ಕ್ಯಾಶ್. ಡೇಟಾಬೇಸ್‌ನಲ್ಲೇ ಇಡುತ್ತದೆ, ರೆಡಿಸ್ ಬೇಡ. ಸರಿ, ಅದು ಡಿಕ್ಟ್ ಅಲ್ಲ, ಗೊತ್ತು. ಆದರೂ ನನ್ನ ಕಡೆಗೇ ಲೆಕ್ಕ.

ಅಸಲಿ ವಿಷಯ ಹೇಳಲಾ? ಸಿಸ್ಟಮ್‌ನ ಚಿತ್ರ ಬಿಡಿಸಿದಾಗ ರೆಡಿಸ್‌ನ ಕೆಂಪು ಡಬ್ಬಿ ಒಂದು ಇದ್ದರೆ ಚೆನ್ನಾಗಿ ಕಾಣುತ್ತದೆ. ರೆಸ್ಯೂಮೆಯಲ್ಲಿ "ಡಿಕ್ಷನರಿ ಬಳಸಿದ್ದೇನೆ" ಅಂತ ಬರೆಯುವುದಕ್ಕೆ ಆಗಲ್ಲ, ಅಲ್ವಾ? ಅಷ್ಟೇ ಕಾರಣ. ಅಷ್ಟೇ! ಒಂದು ಮೆಷೀನ್, ಒಂದು ಡಿಕ್ಟ್. ಟೀ ಶರ್ಟ್ ಮಾಡಿಸುತ್ತಿದ್ದೇನೆ, ಮುಂದೆ "ಡಿಕ್ಟ್ ಸಾಕು", ಹಿಂದೆಯೂ "ಡಿಕ್ಟ್ ಸಾಕು". ಲಿಂಕ್ ಕೆಳಗಿದೆ. ನನ್ನ ಎಸ್‌ಕ್ಯೂಲೈಟ್ ಡೇಟಾಬೇಸ್ ಕೋರ್ಸ್ ಲಿಂಕೂ ಅಲ್ಲೇ ಇದೆ.

ಮತ್ತೆ, ಆ ಕೋರ್ಸಿನಲ್ಲಿ ಏನೇನು ಓಡಿಸಬೇಕು ಅಂತ ಬರೆದಿರುವ ಡಾಕರ್ ಕಂಪೋಸ್ ಫೈಲ್‌ನಲ್ಲಿ ರೆಡಿಸ್ ಇದೆ ಅಂತ ಯಾರೂ ಕಮೆಂಟ್ ಹಾಕಬೇಡಿ. ಗೊತ್ತು. ಟೆಂಪ್ಲೇಟ್ ಜೊತೆ ಬಂದಿದ್ದು. ತೆಗೆಯುತ್ತೇನೆ.